ಹೊಲದಲ್ಲಿ ಕಳೆದ ಉಂಗುರ, ಒಡ್ಡಿನಲ್ಲಿ ಸಿಕ್ಕ ನಾಣ್ಯ: ಮೆಟಲ್ ಡಿಟೆಕ್ಟರ್ ಕೊಳ್ಳಬಹುದಾ?

ಓದುಗರ ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನವನು. ಊರಲ್ಲಿ ಸಣ್ಣ ಕಿರಾಣಿ ಅಂಗಡಿ, ಜೊತೆಗೆ ಆರು ಎಕರೆ ಎರೆಹೊಲ ಇದೆ. ಕಳೆದ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವಾಗ (ನೈವೇದ್ಯವನ್ನು ಹೊಲಕ್ಕೆ ಎರಚುವಾಗ) ನನ್ನ ಹೆಂಡತಿಯ ಬಂಗಾರದ ಉಂಗುರ ಬಿದ್ದುಹೋಯಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಆಮೇಲೆ ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನವರು ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಲ್ಲಿ ನಾಣ್ಯ, ಉಂಗುರ ಹುಡುಕುವ ವಿಡಿಯೊಗಳನ್ನು ನೋಡಿದೆ. ನನಗೂ ಈ ಹವ್ಯಾಸ ಶುರು ಮಾಡುವ ಆಸೆ. ಮೂವತ್ತು ಸಾವಿರದ ಒಂದು ಯಂತ್ರ ನೋಡಿಟ್ಟಿದ್ದೇನೆ. ಆದರೆ ಗೆಳೆಯರು ‘ಅದು ಕಾನೂನಿಗೆ ವಿರುದ್ಧ, ಪೊಲೀಸರು ಹಿಡೀತಾರೆ’ ಅಂತಾರೆ. ಇನ್ನೊಬ್ಬರು ಇಪ್ಪತ್ತು ಮೀಟರ್ ಆಳದ ಬಂಗಾರ ತೋರಿಸುವ ಯಂತ್ರವನ್ನು ಒಂದೂವರೆ ಲಕ್ಷಕ್ಕೆ ಕೊಡಿಸ್ತೀನಿ ಅಂತಾರೆ. ನಮ್ಮ ಹೊಲದ ಮೂಲೆಗೆ ಹಾಳೂರಿನ ದಿಬ್ಬ ಇದೆ. ಅದರ ಪಕ್ಕದ ಒಡ್ಡಿನಲ್ಲಿ ಹೋದ ತಿಂಗಳು ಒಂದು ದಪ್ಪ ತಾಮ್ರದ ನಾಣ್ಯ ಸಿಕ್ಕಿತು, ಮೇಲೆ ಉರ್ದುವಿನಂಥ ಬರಹ ಇದೆ. ಅಲ್ಲಿ ನಿಧಿ ಇದೆ, ಸರ್ಪ ಕಾಯುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಯಂತ್ರ ಕೊಳ್ಳಬಹುದಾ? ಉಂಗುರ ಸಿಗುತ್ತದಾ? ನಾಣ್ಯ ಏನು ಮಾಡಲಿ? ತಂದೆಗೆ ಪೇಸ್‌ಮೇಕರ್ ಹಾಕಿದ್ದಾರೆ, ಅವರಿರುವ ಮನೆಯಲ್ಲಿ ಈ ಯಂತ್ರ ಇಡಬಹುದಾ?

ಉತ್ತರ:

ಮೊದಲು ಒಂದು ಮಾತು. ನೀವು ಆ ಹೊಲಕ್ಕೆ ಇನ್ನೂ ಟ್ರ್ಯಾಕ್ಟರ್ ರೆಂಟೆ ಹೊಡೆಸಿಲ್ಲವಾದರೆ, ಉಂಗುರ ಬಿದ್ದ ಭಾಗವನ್ನು ಬಿಟ್ಟು ಉಳಿದದ್ದು ಹೊಡೆಸಿ. ಉತ್ತರ ಪೂರ್ತಿ ಓದುವ ಮೊದಲೇ ಇದನ್ನು ಮನೆಯಲ್ಲಿ ಹೇಳಿಬಿಡಿ. ಮೇಲ್ಮಣ್ಣಿನಲ್ಲಿರುವ ಉಂಗುರ ಸಿಗುತ್ತದೆ. ರೆಂಟೆ ಒಂದು ಅಡಿ ಕೆಳಗೆ ಹೂತ ಉಂಗುರ ನಮ್ಮ ಎರೆಮಣ್ಣಿನಲ್ಲಿ ಬಹುತೇಕ ಸಿಗುವುದಿಲ್ಲ.

ನಾನು ನೆಲದೊಳಗಿನ ಪೈಪು, ಕೇಬಲ್, ಮುಚ್ಚಿಹೋದ ವಾಲ್ವ್ ಹುಡುಕಿಕೊಡುವ ಕೆಲಸ ಮಾಡುವವನು. ಇಪ್ಪತ್ತು ವರ್ಷದಿಂದ ಡಿಟೆಕ್ಟರ್ ನನ್ನ ಕೈಯಲ್ಲಿದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯ ಮಣ್ಣಿನ ಮೇಲೆ ಅದನ್ನು ಆಡಿಸಿದ್ದೇನೆ. ಕಳೆದ ಉಂಗುರ, ಕಾಲುಂಗುರ, ತಾಳಿಯ ಗುಂಡು ಹುಡುಕಿಕೊಡಿ ಎಂದು ಜನ ಕರೆಯುತ್ತಾರೆ. ಹಳೆ ನಾಣ್ಯ ಓದುವುದು ನನ್ನ ಹವ್ಯಾಸ. ನಿಮ್ಮ ಪತ್ರದಲ್ಲಿ ಒಂದರೊಳಗೆ ಒಂದು ಸೇರಿಕೊಂಡ ಎರಡು ಆಸೆಗಳಿವೆ. ಒಂದು, ನಿಮ್ಮದೇ ವಸ್ತು ಹುಡುಕುವುದು. ಇನ್ನೊಂದು, ಯಾರದೋ ಹಳೆಯ ವಸ್ತು ಹುಡುಕುವುದು. ಯಂತ್ರ ಒಂದೇ ಆದರೂ ಈ ಎರಡು ಕೆಲಸಗಳ ದಾರಿ ಬೇರೆ. ಮೊದಲನೆಯದಕ್ಕೆ ನಾನು ಖುಷಿಯಿಂದ ಹೂಂ ಅಂತೀನಿ.

ಇಪ್ಪತ್ತು ಮೀಟರ್ ಯಂತ್ರದ ವಿಷಯ ಮೊದಲು ಮುಗಿಸೋಣ. ಅದು ಮೋಸ. ಯಾಕೆ ಅಂತ ಹೇಳ್ತೀನಿ, ಆಗ ಮುಂದೆ ಯಾರು ಬಂದು ಏನು ಮಾರಿದರೂ ನೀವೇ ಅಳೆಯಬಹುದು.

ಡಿಟೆಕ್ಟರಿನ ಕೆಳಗಿರುವ ದುಂಡನೆಯ ಕಾಯಿಲ್ ನೆಲದೊಳಕ್ಕೆ ಒಂದು ಕಾಂತಕ್ಷೇತ್ರ ಕಳಿಸುತ್ತದೆ. ಅದು ಒಂದೇ ಸಮನೆ ದಿಕ್ಕು ಬದಲಿಸುತ್ತಿರುತ್ತದೆ. ಕೆಳಗೆ ಲೋಹ ಇದ್ದರೆ ಅದರೊಳಗೆ ಸಣ್ಣ ಸುಳಿಯಂತೆ ವಿದ್ಯುತ್ ಹರಿಯುತ್ತದೆ. ಆ ಸುಳಿ ತನ್ನದೇ ಒಂದು ಸಣ್ಣ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಕಾಯಿಲ್ ಅದನ್ನು ಹಿಡಿದು ನಿಮ್ಮ ಕಿವಿಗೆ ಸದ್ದು ಮಾಡುತ್ತದೆ. ಇಷ್ಟೇ ಇದರ ಕೆಲಸ. ಆದರೆ ಈ ಕ್ಷೇತ್ರ ದೂರ ಹೋದಂತೆ ಬಹಳ ಬೇಗ ಸೊರಗುತ್ತದೆ. ಹೋಗುವಾಗ ಒಮ್ಮೆ ಸೊರಗುತ್ತದೆ, ವಾಪಸ್ ಬರುವಾಗ ಇನ್ನೊಮ್ಮೆ. ಕಾಯಿಲಿನ ಅಗಲ ದಾಟಿದ ಮೇಲೆ ಆಳ ಎರಡು ಪಟ್ಟಾದರೆ ಸದ್ದು ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಒಳ್ಳೆ ಮಣ್ಣಿನಲ್ಲಿ ಒಳ್ಳೆ ಯಂತ್ರಕ್ಕೂ ಒಂದು ನಾಣ್ಯ ಇಪ್ಪತ್ತು, ಇಪ್ಪತ್ತೈದು ಸೆಂಟಿಮೀಟರ್‌ವರೆಗೆ ಕೇಳಿಸಿದರೆ ಹೆಚ್ಚು. ಇಪ್ಪತ್ತು ಮೀಟರ್ ಅಂದರೆ ಆರೇಳು ಅಂತಸ್ತಿನ ಮನೆಯ ಎತ್ತರ. ಕೈಯಲ್ಲಿ ಹಿಡಿಯುವ ಯಾವ ಯಂತ್ರವೂ ಅಷ್ಟು ಆಳದ ಬಂಗಾರ ತೋರಿಸುವುದಿಲ್ಲ.

ಒಂದು ಹಿಡಿಕೆ, ಅದರ ಮೇಲೆ ಆಚೀಚೆ ತಿರುಗುವ ಆಂಟೆನಾ ಇರುವ ಯಂತ್ರಗಳೂ ಬರುತ್ತವೆ. ಅವುಗಳಲ್ಲಿ ಆಂಟೆನಾ ತಿರುಗುವುದು ಹಿಡಿದವರ ಕೈ ಅಲುಗುವುದರಿಂದ. ಇಂಥದ್ದೇ ಒಂದು ಹಿಡಿಕೆಯನ್ನು ಎಡಿಇ 651 ಎಂಬ ಹೆಸರಲ್ಲಿ ಬಾಂಬ್ ಪತ್ತೆ ಯಂತ್ರ ಎಂದು ಇರಾಕ್ ಸೇರಿ ಹಲವು ದೇಶಗಳಿಗೆ ಮಾರಿದ್ದರು. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. ಮಾರಿದ ಜೇಮ್ಸ್ ಮೆಕ್‌ಕಾರ್ಮಿಕ್‌ಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು ಹತ್ತು ವರ್ಷ ಜೈಲು ಹಾಕಿತು. ದೇಶಗಳೇ ಮೋಸಹೋದ ಜಾಗದಲ್ಲಿ ನಿಮ್ಮ ಪರಿಚಯದವರು ಮೋಸಹೋಗಿದ್ದರೆ ಅವರನ್ನು ಬಯ್ಯಬೇಡಿ. ಆದರೆ ಒಂದು ರೂಪಾಯಿಯೂ ಕೊಡಬೇಡಿ. ಪರೀಕ್ಷೆ ಸುಲಭ. ಒಂದೇ ಥರದ ಐದು ಡಬ್ಬಿ ತಗೊಂಡು ಒಂದರಲ್ಲಿ ಉಂಗುರ ಹಾಕಿ. ಹಾಕಿದವರು ಅಲ್ಲಿಂದ ಹೊರಗೆ ಹೋಗಲಿ. ಯಂತ್ರದವರು ಹತ್ತು ಸಲ ಸರಿಯಾದ ಡಬ್ಬಿ ತೋರಿಸಲಿ. ಈ ಪರೀಕ್ಷೆಗೆ ಒಪ್ಪಿ ನಿಂತ ಒಬ್ಬ ಮಾರಾಟಗಾರನನ್ನೂ ನಾನು ಕಂಡಿಲ್ಲ.

‘ಬಂಗಾರ ಮಾತ್ರ ತೋರಿಸುತ್ತದೆ’ ಎನ್ನುವುದೂ ಸುಳ್ಳು. ಯಂತ್ರಕ್ಕೆ ಬಂಗಾರ ಗೊತ್ತಿಲ್ಲ. ಅದು ಹೇಳುವುದು ಲೋಹದ ವಾಹಕತೆ, ಗಾತ್ರ, ಆಕಾರ ಮೂರೂ ಕೂಡಿದ ಒಂದು ಸಂಖ್ಯೆ. ಕಬ್ಬಿಣ ಸಾಮಾನ್ಯವಾಗಿ ಕೆಳಗಿನ ಸಂಖ್ಯೆ, ದಪ್ಪ ಬೆಳ್ಳಿ ನಾಣ್ಯ ಮೇಲಿನ ಸಂಖ್ಯೆ ತೋರಿಸುತ್ತವೆ. ಹೆಣ್ಣುಮಕ್ಕಳ ತೆಳು ಬಂಗಾರದ ಉಂಗುರ ಇವುಗಳ ನಡುವೆ ಬೀಳುತ್ತದೆ. ಅಲ್ಯೂಮಿನಿಯಂ ಹಾಳೆ ಕೂಡ ಸರಿಯಾಗಿ ಅಲ್ಲೇ ಬೀಳುತ್ತದೆ. ನಮ್ಮ ತೊಗರಿ ಹೊಲಗಳಲ್ಲಿ ಇದೇ ದೊಡ್ಡ ಕಾಟ. ಬೆಳೆಗೆ ಕೀಟನಾಶಕ ಹೊಡೆಯುವಾಗ ಬಾಟಲಿ ಬಾಯಿಯ ಹಾಳೆ ಕಿತ್ತು ಅಲ್ಲೇ ಬಿಸಾಡಿರುತ್ತಾರೆ. ಗುಳಿಗೆಯ ಹಾಳೆಯೂ ಬಿದ್ದಿರುತ್ತದೆ. ಒಂದು ಉಂಗುರಕ್ಕೆ ನಾನು ಮೂವತ್ತು, ನಲವತ್ತು ಹಾಳೆ ತೆಗೆದದ್ದುಂಟು. ಹಾಳೆ ಬೇಡ ಎಂದು ಆ ಸಂಖ್ಯೆಯನ್ನು ಯಂತ್ರದಲ್ಲಿ ಮುಚ್ಚಿದರೆ ಉಂಗುರವೂ ಮುಚ್ಚಿಹೋಗುತ್ತದೆ. ತಾಳ್ಮೆ ಇದ್ದವರಿಗಷ್ಟೇ ಈ ಹವ್ಯಾಸ ಅನ್ನುವುದು ಅದಕ್ಕೇ.

ಇನ್ನು ಉಂಗುರದ ಮಾತು. ನನಗೆ ಇದು ನಿಮ್ಮ ಪತ್ರದ ಮುಖ್ಯ ಭಾಗ.

ಎಳ್ಳಮಾವಾಸ್ಯೆ ಬರುವುದು ಚಳಿಯಲ್ಲಿ. ಚಳಿಗೆ ಬೆರಳು ಸಣ್ಣಗಾಗುತ್ತದೆ. ಕೈ ಒದ್ದೆಯಾಗಿ, ಭಜ್ಜಿ, ಎಳ್ಳಿನ ಜಿಡ್ಡು ತಾಗಿರುತ್ತದೆ. ಚರಗ ಚೆಲ್ಲುವಾಗ ಕೈ ಬೀಸಿ ಎಸೆಯುತ್ತೇವೆ ಅಲ್ವಾ? ಆ ಬೀಸಿಗೆ ಉಂಗುರ ಜಾರಿ ಹಾರುತ್ತದೆ. ಜನ ಸಾಮಾನ್ಯವಾಗಿ ತಾವು ನಿಂತ ಜಾಗದಲ್ಲಿ, ಕಾಲ ಬುಡದಲ್ಲಿ ಹುಡುಕುತ್ತಾರೆ. ನೀವೂ ಹಾಗೇ ಮಾಡಿರಬಹುದು. ಉಂಗುರ ಐದಾರು ಮೀಟರ್ ಮುಂದೆ, ಸ್ವಲ್ಪ ಬಲಕ್ಕೆ ಅಥವಾ ಎಡಕ್ಕೆ ಬಿದ್ದಿರುತ್ತದೆ. ನಿಮ್ಮ ಮನೆಯವರನ್ನೇ ಹೊಲಕ್ಕೆ ಕರೆದುಕೊಂಡು ಹೋಗಿ. ಐದು ಕಲ್ಲಿಟ್ಟು ಪೂಜೆ ಮಾಡಿದ ಜಾಗ ಅವರಿಗೆ ನೆನಪಿರುತ್ತದೆ. ಅಲ್ಲಿಂದ ಹೇಗೆ ನಡೆದರು, ಎಲ್ಲೆಲ್ಲಿ ನಿಂತು ಎಸೆದರು, ಊಟವಾದ ಮೇಲೆ ಎಲ್ಲಿ ಕೈ ತೊಳೆದರು, ಎಲ್ಲವನ್ನೂ ಇನ್ನೊಮ್ಮೆ ಮಾಡಿ ತೋರಿಸಲಿ. ಅದೇ ತೂಕದ ಒಂದು ಅಗ್ಗದ ಉಂಗುರಕ್ಕೆ ಕೆಂಪು ದಾರ ಕಟ್ಟಿ ಅವರ ಕೈಯಿಂದಲೇ ಎಸೆಸಿ ನೋಡಿ. ಎಲ್ಲಿ ಬೀಳುತ್ತದೋ ಅಲ್ಲಿ ಗೂಟ ಹೊಡೆಯಿರಿ. ಹತ್ತು ಸಲ ಮಾಡಿದರೆ ನಿಮಗೆ ಒಂದು ಪಟ್ಟಿ ಸಿಗುತ್ತದೆ. ಆರು ಎಕರೆ ಹೋಗಿ ಆರು ಗುಂಟೆಗೆ ಬರುತ್ತದೆ.

ಆಮೇಲೆ ತೊಗರಿ ಕೂಳೆ. ಅದು ಎದ್ದುನಿಂತಿದ್ದರೆ ಕಾಯಿಲ್ ನೆಲಕ್ಕೆ ಹತ್ತುವುದಿಲ್ಲ. ಕಾಯಿಲ್ ಮೇಲೆದ್ದಷ್ಟೂ ಆಳ ಹೋಗುತ್ತದೆ. ಕೂಳೆಯನ್ನು ಕೀಳಬೇಡಿ, ಕಿತ್ತರೆ ಮಣ್ಣು ಬುಡಮೇಲಾಗುತ್ತದೆ. ನೆಲಕ್ಕೆ ಹತ್ತಿ ಕೊಯ್ದು ಪಕ್ಕಕ್ಕೆ ಇಡಿ. ಒಂದು ಮೀಟರ್ ಅಗಲಕ್ಕೆ ಹಗ್ಗ ಕಟ್ಟಿಕೊಳ್ಳಿ. ಕಾಯಿಲನ್ನು ನೆಲಕ್ಕೆ ಎರಡು ಬೆರಳಿನಷ್ಟು ಮೇಲೆ, ಒಂದೇ ಮಟ್ಟದಲ್ಲಿ, ನಿಧಾನವಾಗಿ ಆಡಿಸಿ. ಕಸ ಗುಡಿಸುವಂತೆ ಕೊನೆಯಲ್ಲಿ ಮೇಲಕ್ಕೆತ್ತಬೇಡಿ. ಪ್ರತಿ ಸಲ ಹಿಂದಿನ ಬೀಸಿನ ಅರ್ಧದ ಮೇಲೆ ಬರಬೇಕು. ಶುರು ಮಾಡುವ ಮೊದಲು ಮನೆಯ ಇನ್ನೊಂದು ಅಂಥದ್ದೇ ಉಂಗುರವನ್ನು ಮೂರು ಇಂಚು ಆಳಕ್ಕೆ, ದಾರ ಕಟ್ಟಿ ಹೂತು, ಅದರ ಸದ್ದು ಮತ್ತು ಸಂಖ್ಯೆ ಕೇಳಿಸಿಕೊಳ್ಳಿ. ನಿಮ್ಮ ಹೊಲದಲ್ಲಿ ನಿಮ್ಮ ಯಂತ್ರ ಹೇಗೆ ಮಾತಾಡುತ್ತದೆ ಎನ್ನುವುದು ವಿಡಿಯೊದಲ್ಲಿ ಗೊತ್ತಾಗುವುದಿಲ್ಲ.

ಯಾಕಂದರೆ ನಮ್ಮ ಮಣ್ಣೇ ಬೇರೆ. ಎರೆಮಣ್ಣು ಕಪ್ಪು ಬಸಾಲ್ಟ್ ಕಲ್ಲು ಸವೆದು ಆದದ್ದು. ಅದರಲ್ಲಿ ಕಬ್ಬಿಣದ ಸೂಕ್ಷ್ಮ ಕಣ ತುಂಬಿದೆ. ಒಂದು ಆಯಸ್ಕಾಂತವನ್ನು ಒಣ ಮಣ್ಣಿನಲ್ಲಿ ಎಳೆದು ನೋಡಿ, ಕಪ್ಪು ಮೀಸೆ ಹತ್ತುತ್ತದೆ. ಯಂತ್ರ ಆ ನೆಲವನ್ನೇ ಲೋಹ ಎಂದುಕೊಂಡು ಗೊಣಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲ ಇನ್ನೂ ಹಟಮಾರಿ. ಅಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಯಂತ್ರವನ್ನು ನೆಲಕ್ಕೆ ಹೊಂದಿಸಬೇಕಾಗುತ್ತದೆ. ಇದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಅಂತಾರೆ. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಸದ್ದು ಅಡಗುವವರೆಗೆ ಹೊಂದಿಸುವುದು. ನೀವು ಕೊಳ್ಳುವ ಯಂತ್ರದಲ್ಲಿ ಇದನ್ನು ಕೈಯಿಂದ ಹೊಂದಿಸುವ ಸೌಲಭ್ಯ ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ. ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ. ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿದರೆ ಆಳ ಜಾಸ್ತಿ ಎಂದು ಎಲ್ಲರೂ ತಿಳಿಯುತ್ತಾರೆ. ನಮ್ಮ ಮಣ್ಣಿನಲ್ಲಿ ಅದು ಗದ್ದಲ ಜಾಸ್ತಿ ಮಾಡುತ್ತದೆ ಅಷ್ಟೇ. ಸ್ವಲ್ಪ ಇಳಿಸಿದರೆ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಬೋರ್‌ವೆಲ್ ಮೋಟರ್ ಓಡುತ್ತಿದ್ದರೆ, ಮೇಲೆ ಕರೆಂಟಿನ ತಂತಿ ಇದ್ದರೆ ಯಂತ್ರ ಹುಚ್ಚೆದ್ದ ಹಾಗೆ ಕೂಗುತ್ತದೆ. ಮೋಟರ್ ಬಂದ್ ಮಾಡಿ, ಮೊಬೈಲ್ ದೂರ ಇಟ್ಟು ಹುಡುಕಿ.

ಎರೆಮಣ್ಣಿನ ಇನ್ನೊಂದು ಗುಣ ನಿಮಗೆ ಗೊತ್ತೇ ಇದೆ. ಬೇಸಿಗೆಗೆ ಬಿರಿಯುತ್ತದೆ. ಬಿರುಕು ಒಂದು ಮೊಳ, ಕೆಲವು ಕಡೆ ಇನ್ನೂ ಆಳ. ಮೇಲೆ ಬಿದ್ದ ಉಂಗುರ ಬಿರುಕಿಗೆ ಇಳಿದಿದ್ದರೆ ಕಾಯಿಲಿಗೆ ಕೇಳಿಸುವುದಿಲ್ಲ. ಮಳೆ ಬಂದ ಕೂಡಲೇ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ, ಉಂಗುರ ಒಳಗೇ ಉಳಿಯುತ್ತದೆ. ಅದಕ್ಕೇ ನಾನು ಅವಸರ ಮಾಡುತ್ತಿರುವುದು. ಗೂಟ ಹೊಡೆದ ಪಟ್ಟಿಯಲ್ಲಿರುವ ಪ್ರತಿ ಬಿರುಕಿಗೂ ಟಾರ್ಚ್ ಹಿಡಿದು ಕಣ್ಣಿನಿಂದ ನೋಡಿ. ಆಮೇಲೆ ಪಿನ್‌ಪಾಯಿಂಟರ್ ಇಳಿಸಿ. ಅದು ಕ್ಯಾರೆಟ್ ಗಾತ್ರದ ಸಣ್ಣ ಡಿಟೆಕ್ಟರ್, ತುದಿಯಲ್ಲಿ ಲೋಹ ಹತ್ತಿರ ಬಂದರೆ ನಡುಗುತ್ತದೆ. ಕೈ ಮಾತ್ರ ಹಾಕಬೇಡಿ. ಚೇಳು, ಹಾವು ತಂಪಿಗೆ ಅದೇ ಬಿರುಕಿನಲ್ಲಿ ಇರುತ್ತವೆ. ಅಜ್ಜಿ ಹೇಳಿದ ಸರ್ಪಕ್ಕಿಂತ ಕೊಳಕುಮಂಡಲಕ್ಕೆ ನಾನು ಜಾಸ್ತಿ ಹೆದರುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಹುಡುಕಿದರೆ ಗಮನವೂ ಹೋಗುತ್ತದೆ, ಆರೋಗ್ಯವೂ ಹೋಗುತ್ತದೆ.

ಉಂಗುರ ಪೂರ್ತಿ ಸುತ್ತಿದ್ದರೆ ಒಳ್ಳೆಯದು. ಸುಳಿ ಅದರ ಸುತ್ತ ಹರಿಯುತ್ತದೆ, ಸದ್ದು ಗಟ್ಟಿ. ಸೀಳಿದ ಉಂಗುರ ಅರೆಬರೆ ಕೇಳಿಸುತ್ತದೆ. ತೆಳು ಸರ ಇದ್ದರಂತೂ ಕೇಳಿಸುವುದೇ ಕಷ್ಟ, ಯಾಕಂದರೆ ಯಂತ್ರಕ್ಕೆ ಅದು ನೂರಾರು ಸಣ್ಣ ಸಣ್ಣ ಕೊಂಡಿ. ನೀವು ಬರೆದದ್ದು ಉಂಗುರ, ಅದೂ ಜಾಗ ಗೊತ್ತಿರುವುದು, ನೆಲ ಇನ್ನೂ ಉಳುಮೆ ಆಗಿಲ್ಲದಿದ್ದರೆ ಇನ್ನೂ ಒಳ್ಳೆಯದು. ಇಂಥ ಕೆಲಸದಲ್ಲಿ ನನಗೆ ಸಿಕ್ಕದ್ದು ಸಿಗದ್ದಕ್ಕಿಂತ ಜಾಸ್ತಿ. ಆದರೆ ಇದೊಂದಕ್ಕೇ ಆದರೆ ಮೂವತ್ತು ಸಾವಿರ ಹಾಕಬೇಡಿ. ಯಂತ್ರ ಇರುವವರನ್ನು ಒಂದು ದಿನಕ್ಕೆ ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ಹಾಳೆ, ಮೊಳೆ, ಕುಂಟೆಯ ಕುಳದ ಚೂರು ತೆಗೆಯುತ್ತ ಅರ್ಧ ದಿನ ಕಳೆದ ಮೇಲೂ ನಿಮಗೆ ಇನ್ನೊಂದು ಸಾಲು ನೋಡೋಣ ಅನಿಸಿದರೆ ಆಗ ಕೊಳ್ಳಿ.

ಈಗ ಗೆಳೆಯರು ಹೇಳಿದ ಕಾನೂನು. ಅವರ ಮಾತು ಅರ್ಧ ಸರಿ. ಯಂತ್ರ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಬಹಿರಂಗವಾಗಿ ಸಿಗುತ್ತದೆ. ನಿಮ್ಮ ಹೊಲದಲ್ಲಿ ನಿಮ್ಮ ಉಂಗುರ ಹುಡುಕಿದರೆ ಯಾರೂ ನಿಮ್ಮನ್ನು ಹಿಡಿಯುವುದಿಲ್ಲ. ತೊಂದರೆ ಶುರುವಾಗುವುದು ಹಳೆಯ ವಸ್ತು ಸಿಕ್ಕಾಗ, ಮತ್ತು ಹಳೆಯ ಜಾಗಕ್ಕೆ ಕಾಲಿಟ್ಟಾಗ.

ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತುವಿಗೆ ನಮ್ಮ ದೇಶದಲ್ಲಿ 1878ರಿಂದಲೇ ಕಾಯ್ದೆ ಇದೆ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ತಿರುಳು ಏನೆಂದರೆ, ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ಹೊಲ ನಿಮ್ಮದು ಎಂದ ಮಾತ್ರಕ್ಕೆ ಸಿಕ್ಕಿದ್ದೆಲ್ಲ ನಿಮ್ಮದಾಗುವುದಿಲ್ಲ. ‘ಸಿಕ್ಕವನಿಗೆ ಮುಕ್ಕಾಲು, ಹೊಲದವನಿಗೆ ಕಾಲು’ ಎಂದು ಮೊಬೈಲಿನಲ್ಲಿ ಹರಿದಾಡುವ ಮಾತು ನೀವೂ ಕೇಳಿರಬಹುದು. ಅದು 1878ರ ಕಾಯ್ದೆಯಲ್ಲಿ, ಯಾವ ವಾರಸುದಾರರೂ ಇಲ್ಲ ಎಂದು ಜಿಲ್ಲಾಧಿಕಾರಿ ತೀರ್ಮಾನಿಸಿದ ಮೇಲಿನ ಲೆಕ್ಕ. ಅದನ್ನು ನಂಬಿ ಇಲ್ಲಿ ಪಾಲು ಎಣಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಗೂ ಬರುತ್ತದೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತೆಯೂ ಇಲ್ಲ.

ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. ಕಲಬುರಗಿ ಕೋಟೆ, ಬೀದರ್ ಕೋಟೆ, ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಂಬಜ್‌ಗಳು, ನಿಮ್ಮದೇ ತಾಲೂಕಿನ ಸನ್ನತಿ, ಇಲ್ಲೆಲ್ಲ ಯಂತ್ರದ ಚೀಲ ಕೂಡ ಒಯ್ಯಬೇಡಿ. ‘ಸುಮ್ನೆ ನೋಡ್ತಿದ್ದೆ’ ಎಂದರೆ ಯಾರೂ ನಂಬುವುದಿಲ್ಲ, ನಂಬಲೂಬಾರದು. ನಮ್ಮ ಭಾಗದ ಎಷ್ಟೋ ಗುಡಿಗಳ ಗರ್ಭಗುಡಿಯನ್ನೇ ನಿಧಿಗಳ್ಳರು ಅಗೆದಿದ್ದಾರೆ. ಹಾಗಾಗಿ ಯಂತ್ರ ಹಿಡಿದು ಓಡಾಡುವ ಅಪರಿಚಿತನನ್ನು ಕಂಡರೆ ಊರವರಿಗೆ ಸಿಟ್ಟು ಬರುತ್ತದೆ. ಅದರಲ್ಲಿ ತಪ್ಪಿಲ್ಲ. ನೀವು ಬೇರೆಯವರ ಹೊಲಕ್ಕೆ ಕಳೆದ ವಸ್ತು ಹುಡುಕಲು ಹೋದರೆ ಹಗಲು ಹೊತ್ತೇ ಹೋಗಿ. ಹೊಲದವರಿಂದ ಒಂದು ಚೀಟಿ ಬರೆಸಿಕೊಳ್ಳಿ, ಅವರೂ ಜೊತೆಗಿರಲಿ. ಅಮಾವಾಸ್ಯೆ ರಾತ್ರಿ ಬನ್ನಿ ಎಂದು ಯಾರಾದರೂ ಕರೆದರೆ ಅವರ ಫೋನ್ ನಂಬರನ್ನೇ ಅಳಿಸಿಬಿಡಿ. ನಿಧಿ ಹೆಸರಲ್ಲಿ ಮಾಟ, ಬಲಿ ಮಾಡುವುದು ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆಯಲ್ಲಿ ಅಪರಾಧ. ಎರಡು ತಲೆ ಹಾವು, ಅಕ್ಕಿ ಎಳೆಯುವ ತಾಮ್ರದ ಪಾತ್ರೆ ಇವೆಲ್ಲ ಅದೇ ಮೋಸದ ಅಂಗಡಿಯ ಸಾಮಾನು.

ಹಾಗಾದರೆ ಇಂಗ್ಲೆಂಡಿನವರು ಹೇಗೆ ಮಾಡ್ತಾರೆ ಅಂತ ಕೇಳಬಹುದು. ಅಲ್ಲಿಯೂ ಹೊಲದವರ ಅನುಮತಿ ಬೇಕು, ರಕ್ಷಿತ ಜಾಗಕ್ಕೆ ಹೋಗುವಂತಿಲ್ಲ. 1996ರ ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ ವರದಿ ಮಾಡಲೇಬೇಕು. ಸಿಕ್ಕ ಸಣ್ಣ ವಸ್ತುವನ್ನೂ ದಾಖಲಿಸಿಕೊಳ್ಳುವ ವ್ಯವಸ್ಥೆ 1997ರಿಂದ ಇದೆ. ನಮ್ಮಲ್ಲಿ ಹವ್ಯಾಸಿಗಳಿಗಾಗಿ ಅಂಥ ವ್ಯವಸ್ಥೆ ಇಲ್ಲ. ವಿಡಿಯೊದಲ್ಲಿ ಅಗೆಯುವುದಷ್ಟೇ ಕಾಣುತ್ತದೆ, ಈ ಕಾಗದಪತ್ರ ಕಾಣುವುದಿಲ್ಲ. ಅಲ್ಲಿನ ಒಂದು ಘಟನೆ ನನಗೆ ಬಹಳ ಇಷ್ಟ. 1992ರಲ್ಲಿ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಕಳೆಯಿತು. ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ತಂದರು. ರೋಮನ್ ಕಾಲದ ಬಂಗಾರ, ಬೆಳ್ಳಿ ಸಿಕ್ಕಿತು, ಸಾವಿರಾರು ನಾಣ್ಯ. ಅವರು ಪೂರ್ತಿ ಬಗೆದು ತೆಗೆಯಲಿಲ್ಲ. ನಿಲ್ಲಿಸಿ, ತಿಳಿಸಿದರು. ಪುರಾತತ್ವದವರು ಬಂದು ಉಳಿದದ್ದನ್ನು ಇದ್ದ ಹಾಗೇ ಬಿಡಿಸಿದರು. ಅದಕ್ಕೇ ಯಾವ ಪೆಟ್ಟಿಗೆಯಲ್ಲಿ ಯಾವುದು ಹೇಗೆ ಜೋಡಿಸಿತ್ತು ಎಂಬುದೂ ಗೊತ್ತಾಯಿತು. ಸುತ್ತಿಗೆಯೂ ಸಿಕ್ಕಿತು, ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಾನು ಹಾಗೆ ಮಾಡಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳೆ ವಾಡೆಯ ಪಾಯದ ಗುಂಡಿಯಲ್ಲಿ ಕೇಬಲ್ ಹುಡುಕುವಾಗ ಸದ್ದು ಬಂತು. ಕುರ್ಪಿಯಿಂದ ಕೆದಕಿದೆ. ಮೂರು ತಾಮ್ರದ ನಾಣ್ಯ ಬಂದವು. ತೊಳೆದು, ಆ ವಾಡೆಯವರಿಗೆ ಕೊಟ್ಟು, ಹೆಮ್ಮೆಯಿಂದ ಬಂದೆ. ಕೆಲವು ತಿಂಗಳ ನಂತರ ನಾಣ್ಯ ಬಲ್ಲ ಹಿರಿಯರೊಬ್ಬರು ಕೇಳಿದರು: ಗೋಡೆಯ ಕಲ್ಲಿನ ಕೆಳಗಿತ್ತಾ, ಪಕ್ಕದಲ್ಲಿತ್ತಾ? ಬೂದಿಯಲ್ಲಿತ್ತಾ, ಎರೆಯಲ್ಲಿತ್ತಾ? ನನಗೆ ಉತ್ತರ ಗೊತ್ತಿರಲಿಲ್ಲ. ಕಲ್ಲಿನ ಕೆಳಗಿದ್ದಿದ್ದರೆ ಆ ಗೋಡೆ ಕಟ್ಟಿದ್ದು ಆ ನಾಣ್ಯ ಟಂಕಿಸಿದ ಮೇಲೆ ಎಂದು ಹೇಳಬಹುದಿತ್ತು. ಆ ವಾಡೆಯ ವಯಸ್ಸು ಹೇಳುವ ಒಂದೇ ಸಾಕ್ಷಿ ಅದಾಗಿತ್ತು. ನಾನು ಐದು ನಿಮಿಷದಲ್ಲಿ ಅದನ್ನು ಅಳಿಸಿದೆ. ಈಗಲೂ ಆ ಓಣಿಯಲ್ಲಿ ಹೋಗುವಾಗ ನನಗೆ ಸಂಕಟವಾಗುತ್ತದೆ.

ನಿಮ್ಮ ಹಾಳೂರ ದಿಬ್ಬದ ಮೇಲೆ ಯಂತ್ರ ಆಡಿಸಬೇಡಿ ಎಂದು ನಾನು ಹೇಳುವುದು ಅದಕ್ಕೇ. ಬೋಕಿ (ಮಡಕೆ) ಚೂರು, ಬೂದಿ, ಇಟ್ಟಿಗೆ ತುಂಡು ಕಾಣುವ ದಿಬ್ಬ ಅಂದರೆ ಜನ ಬಾಳಿದ ಜಾಗ. ಪಹಣಿ ತೆಗೆಸಿ ನೋಡಿ, ಅದು ನಿಮ್ಮ ಸರ್ವೆ ನಂಬರಿನಲ್ಲಿ ಇಲ್ಲದೆಯೂ ಇರಬಹುದು. ಸನ್ನತಿಯನ್ನೇ ನೆನೆಯಿರಿ. 1986ರಲ್ಲಿ ಅಲ್ಲಿನ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ ದೇವಿಯ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಕಂಡಿತು. ಹತ್ತಿರದ ಕನಗನಹಳ್ಳಿಯ ದಿಬ್ಬವನ್ನು ಆಮೇಲೆ ಪದರ ಪದರವಾಗಿ ಬಿಡಿಸಿದಾಗ ದೊಡ್ಡ ಸ್ತೂಪ ಸಿಕ್ಕಿತು. ‘ರಾಯೊ ಅಸೋಕೊ’ ಎಂದು ಹೆಸರು ಕೊರೆದ ಅಶೋಕನ ಶಿಲ್ಪವೂ ಸಿಕ್ಕಿತು. ಅದೂ ಒಂದು ಕಾಲಕ್ಕೆ ನಿಮ್ಮ ದಿಬ್ಬದ ಹಾಗೆ ಹೊಲದ ನಡುವಿನ ಒಂದು ದಿಬ್ಬವೇ.

ಅಜ್ಜಿ ಹೇಳಿದ ನಿಧಿಯ ಮಾತನ್ನೂ ನಾನು ಸುಳ್ಳು ಎಂದು ತಳ್ಳಿಹಾಕುವುದಿಲ್ಲ. ಬ್ಯಾಂಕಿಲ್ಲದ ಕಾಲದಲ್ಲಿ ನೆಲವೇ ತಿಜೋರಿ. 1947-48ರ ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟವರು ಒಡವೆ ಹೂತಿಟ್ಟ ಮಾತು ನಮ್ಮ ಹಳ್ಳಿಗಳಲ್ಲಿ ಈಗಲೂ ಇದೆ. ಆದರೆ ಹೂತವರು ಸಾಮಾನ್ಯವಾಗಿ ಬಂದು ತೆಗೆದುಕೊಂಡಿರುತ್ತಾರೆ. ತೆಗೆಯದೆ ಉಳಿದದ್ದಿದ್ದರೆ ಅದು ಯಾವುದೋ ಮನೆಯದು, ಮೊಮ್ಮಕ್ಕಳು ಇನ್ನೂ ಇರಬಹುದು. 1878ರ ಕಾಯ್ದೆ ಕೂಡ ನೂರು ವರ್ಷದೊಳಗೆ ಹೂತದ್ದಕ್ಕೆ ವಾರಸುದಾರರು ಬಂದು ಕೇಳಲು ದಾರಿ ಇಟ್ಟಿದೆ. ಸರ್ಪದ ಕಥೆ ಬಹುಶಃ ಮಕ್ಕಳು ಬಿದ್ದ ಗೋಡೆಗಳ ನಡುವೆ ಹೋಗಬಾರದು ಅಂತ ಹುಟ್ಟಿದ್ದು. ಅಂಥ ಕಡೆ ಹಾವು ನಿಜಕ್ಕೂ ಇರುತ್ತದೆ.

ಈಗ ನಿಮ್ಮ ನಾಣ್ಯ. ಮೊದಲನೆಯದು, ತೊಳೆಯಬೇಡಿ. ಹುಣಸೆಹು‍ಳಿ, ನಿಂಬೆಹಣ್ಣು, ಪೀತಾಂಬರಿ, ಇಟ್ಟಿಗೆ ಪುಡಿ ಯಾವುದೂ ಬೇಡ. ಆ ಹಸಿರು ಕಂದು ಪದರವೇ ಅಕ್ಷರವನ್ನು ಕಾಯ್ದಿರುವುದು. ಉಜ್ಜಿದರೆ ಅಕ್ಷರ ಪದರದ ಜೊತೆಗೇ ಹೋಗುತ್ತದೆ. ಒಣ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಎರಡೂ ಮುಖದ ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಕ ನೋಡಿಸಿ. ಸಿಕ್ಕ ಜಾಗಕ್ಕೆ ಮತ್ತೆ ಹೋಗಿ ನಿಂತು ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ದಿನಾಂಕ, ಆಳ, ಒಡ್ಡಿನ ಯಾವ ಮಗ್ಗುಲು, ಎಲ್ಲ ಬರೆದಿಡಿ.

ನೋಡದೆ ಯಾರ ನಾಣ್ಯ ಎಂದು ಹೇಳಲಾರೆ, ಆದರೆ ಅಂದಾಜು ಮಾಡಬಹುದು. ಯಂತ್ರದ ಅಚ್ಚಿನಿಂದ ಬಂದಂತೆ ಅಂಚು ಸಮನಾಗಿ ದುಂಡಗಿದ್ದರೆ ಅದು ಇಪ್ಪತ್ತನೇ ಶತಮಾನದ ನಿಜಾಮನ ಹಾಲಿ ಸಿಕ್ಕಾ (ಹೈದರಾಬಾದ್ ಸಂಸ್ಥಾನದ ಸ್ವಂತ ನಾಣ್ಯ) ಕಾಲದ್ದಿರಬಹುದು. ನಮ್ಮ ಅಜ್ಜಂದಿರು ಸಂತೆಗೆ ಒಯ್ದ ದುಡ್ಡು. ಚಿತ್ರವೇ ಇಲ್ಲದೆ ಬರೀ ಅಕ್ಷರ ಇದ್ದು, ಸಣ್ಣದಾಗಿ, ದಪ್ಪಗೆ, ಅಂಚು ಓರೆಕೋರೆ ಇದ್ದರೆ ಬಹಮನಿಯವರದ್ದಿರಬಹುದು. 1347ರಲ್ಲಿ ಕಲಬುರಗಿಯಲ್ಲಿ ಶುರುವಾಗಿ ಆಮೇಲೆ ಬೀದರಿಗೆ ಹೋದ ರಾಜ್ಯ ಅದು. ನಾಣ್ಯದ ಮೇಲೆ ಕಲಬುರಗಿಗೆ ಅಹ್‌ಸನಾಬಾದ್ ಎಂದೂ ಬೀದರಿಗೆ ಮಹಮ್ಮದಾಬಾದ್ ಎಂದೂ ಹೆಸರು. ಅಕ್ಷರ ಉರ್ದುವಿನ ಹಾಗೆ ಕಂಡರೂ ಭಾಷೆ ಅರಬ್ಬಿ ಅಥವಾ ಪಾರ್ಸಿ. ಕೈಯಿಂದ ಬಡಿದು ಮಾಡಿದ ನಿಜಾಮರ ಹಳೆ ತಾಮ್ರದ ದುಡ್ಡೂ ಹೀಗೇ ಒರಟಾಗಿ ಇರುತ್ತದೆ, ಅದಕ್ಕೇ ಓದಬಲ್ಲವರು ನೋಡಬೇಕು. ಇಂಥ ತಾಮ್ರದ ನಾಣ್ಯಕ್ಕೆ ಪೇಟೆಯಲ್ಲಿ ಲಕ್ಷ ಲಕ್ಷ ಬರುತ್ತದೆ ಎನ್ನುವುದು ಕನಸು.

ಒಂದೇ ನಾಣ್ಯ ತಾನೇ ಎಂದು ಬಹಳ ಜನ ಸುಮ್ಮನಾಗುತ್ತಾರೆ. ನನ್ನ ಸಲಹೆ ಬೇರೆ. ತಹಶೀಲ್ದಾರ್ ಮೂಲಕ ಜಿಲ್ಲಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಏನು, ಎಲ್ಲಿ, ಯಾವಾಗ ಸಿಕ್ಕಿತು ಎಂಬಷ್ಟೇ ಸಾಕು. ಫೋಟೊ ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೂ ತೋರಿಸಿ. ನಾಣ್ಯ ನಿಮ್ಮ ಕೈಬಿಟ್ಟು ಹೋಗಬಹುದು, ಅದು ನಿಜ. ಕಚೇರಿಗೆ ಎರಡು ಮೂರು ಸಲ ಅಲೆಯಬೇಕಾಗಬಹುದು. ಮುಚ್ಚಿಟ್ಟುಕೊಂಡರೆ ಆಗುವ ತೊಂದರೆ ಇದಕ್ಕಿಂತ ದೊಡ್ಡದು. ನಾಳೆ ಯಾರಾದರೂ ‘ಅವರಿಗೆ ನಿಧಿ ಸಿಕ್ಕಿದೆ’ ಎಂದು ಸುದ್ದಿ ಹಬ್ಬಿಸಿದರೆ ಆ ಸೀಲು ಹಾಕಿದ ಕಾಗದವೇ ನಿಮ್ಮನ್ನು ಕಾಯುವುದು.

ಹವ್ಯಾಸವಾಗಿ ಮುಂದುವರಿಸುವುದಾದರೆ ನಿಮ್ಮ ಹೊಲ, ಕಣ, ಮನೆಯ ಹಿತ್ತಿಲು, ನೆಂಟರ ಹೊಲ ಸಾಕಷ್ಟು ಕೆಲಸ ಕೊಡುತ್ತವೆ. ಹಿತ್ತಿಲಲ್ಲಿ 1957ರ ನಂತರದ ನಯಾಪೈಸೆ, ಆಮೇಲಿನ ಹಗುರ ಅಲ್ಯೂಮಿನಿಯಂ ಪೈಸೆಗಳು ಸಿಗುತ್ತವೆ. ಮಕ್ಕಳಿಗೆ ತೋರಿಸಲು ಚೆನ್ನಾಗಿರುತ್ತವೆ. ಒಂದು ವಿಷಯ ನೆನಪಿಡಿ. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಆಯಸ್ಕಾಂತಕ್ಕೆ ಹತ್ತುವ ಉಕ್ಕಿನವು. ಕಬ್ಬಿಣ ಬೇಡ ಎಂದು ಯಂತ್ರಕ್ಕೆ ಹೇಳಿಟ್ಟರೆ ಅವನ್ನೂ ಬಿಟ್ಟು ಹೋಗಬಹುದು. ದೇವಲ ಗಾಣಗಾಪುರದ ಸಂಗಮದಂಥ ಕಡೆ ಭಕ್ತರು ನದಿಗೆ ಹಾಕಿದ ನಾಣ್ಯಕ್ಕೆ ಆಸೆಪಡಬೇಡಿ. ಅದು ಹರಕೆಯ ದುಡ್ಡು. ಭೀಮಾ ನದಿಯ ಮಡುವೂ ಅಪಾಯ. ಊರವರು ಕಳೆದುಕೊಂಡದ್ದನ್ನು ಹುಡುಕಿಕೊಡಿ. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಸಂತೋಷ ಒಬ್ಬ ಅಜ್ಜಿಯ ಕಾಲುಂಗುರ. ಬಣವೆಯ ಬುಡದಲ್ಲಿ, ಸಗಣಿ ಗೊಬ್ಬರದೊಳಗೆ ಸಿಕ್ಕಿತು. ಅವರು ಅದನ್ನು ಸೆರಗಿನಲ್ಲಿ ಒರೆಸಿ ಕಣ್ಣಿಗೆ ಒತ್ತಿಕೊಂಡರು. ಅಗೆದ ಗುಂಡಿಯನ್ನು ಮಾತ್ರ ಪ್ರತಿ ಸಲ ಮುಚ್ಚಿ. ದನದ ಕಾಲು ಸಿಕ್ಕಿಕೊಂಡೀತು.

ಕೊನೆಗೆ ತಂದೆಯವರ ಪೇಸ್‌ಮೇಕರ್. ಯಂತ್ರ ಬಂದ್ ಇದ್ದಾಗ ಕಾಂತಕ್ಷೇತ್ರ ಹೊರಡುವುದಿಲ್ಲ. ಮನೆಯ ಮೂಲೆಯಲ್ಲಿ ಇಟ್ಟರೆ ತೊಂದರೆಯಿಲ್ಲ, ಬ್ಯಾಟರಿ ಬಿಚ್ಚಿಟ್ಟರೆ ನಿಮಗೂ ನೆಮ್ಮದಿ. ಚಾಲೂ ಇದ್ದಾಗ ಕಾಯಿಲ್ ಅವರ ಎದೆಯ ಹತ್ತಿರ ಬರಬಾರದು, ಅವರು ಯಂತ್ರ ಹಿಡಿದು ಹುಡುಕುವುದೂ ಸದ್ಯಕ್ಕೆ ಬೇಡ. ಆಪರೇಷನ್ ಆದಾಗ ಅವರಿಗೆ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಅದನ್ನು ಮುಂದಿನ ತಪಾಸಣೆಗೆ ಒಯ್ದು ಹೃದಯದ ಡಾಕ್ಟರನ್ನೇ ಕೇಳಿ, ಎಷ್ಟು ದೂರ ಇರಬೇಕು ಎಂದು ಅವರು ಹೇಳುತ್ತಾರೆ. ಅಲ್ಲಿಯವರೆಗೆ ತಂದೆಯವರು ಬೇವಿನ ಮರದ ನೆರಳಲ್ಲಿ ಕೂತು ಹಗ್ಗದ ಸಾಲು ಎಣಿಸಲಿ. ಎಷ್ಟನೇ ಸಾಲು ಮುಗಿಯಿತು ಎಂದು ಹುಡುಕುವವರಿಗೆ ಯಾವಾಗಲೂ ಮರೆತುಹೋಗುತ್ತದೆ.